ಗದಗ–ಹುಬ್ಬಳ್ಳಿ ಓಡಾಟಕ್ಕೆ ಬ್ರೆಝಾ ತಗೋಬೇಕಾ, ನೆಕ್ಸಾನ್ ತಗೋಬೇಕಾ?

ನೀವು ಬರೆದದ್ದು ಇಷ್ಟು: ಮನೆ ಗದಗದಲ್ಲಿ, ವಾರಕ್ಕೆ ಮೂರು ದಿನ ಹುಬ್ಬಳ್ಳಿಗೆ ಹೋಗಿಬರುವ ಕೆಲಸ, ಮನೆಯಲ್ಲಿ ಐದು ಮಂದಿ, ಅದರಲ್ಲಿ ಇಬ್ಬರು ವಯಸ್ಸಾದವರು, ತಾಯಿಗೆ ಮೊಣಕಾಲು ನೋವು, ರೋಣದ ಕಡೆ ಹೊಲ, ಆನ್-ರೋಡ್ (ತೆರಿಗೆ, ವಿಮೆ ಎಲ್ಲ ಸೇರಿ) 13 ಲಕ್ಷ ದಾಟಬಾರದು. ಆಟೋಮ್ಯಾಟಿಕ್ ಬೇಕೋ ಬೇಡವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಮೊದಲು ತೀರ್ಮಾನ ಆಗಬೇಕಾದದ್ದು ಅದೇ ನೋಡ್ರಿ. ಮಾರುತಿಯ ಬ್ರೆಝಾ ಒಂದು ಗಾಡಿ, ಟಾಟಾದ ನೆಕ್ಸಾನ್ ಒಂದು ಗಾಡಿ ಅಂತ ಹೆಸರು ಎದುರುಬದುರು ಇಟ್ಟು ನೋಡಿದರೆ ಲೆಕ್ಕ ಹತ್ತುವುದಿಲ್ಲ. ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು ಅನ್ನುವ ಜೋಡಿ ಹಿಡಿದು ನೋಡಿ. ಮ್ಯಾನುಯಲ್ ನಡೆಯುತ್ತದೆ ಅಂದರೆ ನಿಮ್ಮ ಓಡಾಟಕ್ಕೆ ನೆಕ್ಸಾನ್ ಡೀಸೆಲ್. ಆಟೋಮ್ಯಾಟಿಕ್ ಬೇಕೇ ಬೇಕು ಅಂದರೆ ಬ್ರೆಝಾ. ಕಾರಣ ಹೇಳುತ್ತೇನೆ.

ಬ್ರೆಝಾದಲ್ಲಿರುವುದು 1462 ಸಿಸಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇಲ್ಲ. ಶಕ್ತಿ 103 ಪಿಎಸ್, ಟಾರ್ಕ್ ಅಂದರೆ ಎಳೆಯುವ ಬಲ 136.8 ಎನ್‌ಎಂ, ಆ ಟಾರ್ಕ್ ಪೂರ್ತಿ ಸಿಗುವುದು 4400 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗುವಾಗ. ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಮೂರು ಸಿಲಿಂಡರ್, ಟರ್ಬೊ ಇದೆ: 120 ಪಿಎಸ್, 170 ಎನ್‌ಎಂ, ಅದೂ 1750ರಿಂದಲೇ. ನೆಕ್ಸಾನ್ ಡೀಸೆಲ್ 1497 ಸಿಸಿ: 115 ಪಿಎಸ್, 260 ಎನ್‌ಎಂ, 1500ರಿಂದ 2750ರವರೆಗೆ. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದ್ದರಿಂದ ಬ್ರೆಝಾದಲ್ಲಿ ಆ ಮಾತೇ ಇಲ್ಲ.

ಈ ಅಂಕಿ ರಸ್ತೆಯ ಮೇಲೆ ಹೇಗೆ ಕಾಣುತ್ತದೆ? ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಕಡೆ ಬರುತ್ತಿದ್ದೀರಿ, ಒಳಗೆ ಐದು ಮಂದಿ, ಎ.ಸಿ. ಹಾಕಿದೆ, ಮುಂದೆ ಒಂದು ಲಾರಿ, ನಿಮ್ಮ ವೇಗ 60. ಬ್ರೆಝಾ ನಾಲ್ಕನೇ ಗೇರಿನಲ್ಲಿದ್ದರೆ ಕಾಲೊತ್ತಿದರೂ ಗಾಡಿ ಜಗ್ಗುವುದಿಲ್ಲ. ಮೂರಕ್ಕೆ ಇಳಿಸಬೇಕು, ಎಂಜಿನ್ ಕೂಗಬೇಕು, ಆಗ ಹೋಗುತ್ತದೆ. ನೆಕ್ಸಾನ್ ಡೀಸೆಲ್ ನಾಲ್ಕರಲ್ಲೇ ಎಳೆದುಕೊಂಡು ಹೋಗುತ್ತದೆ. ಇದೇ ನೆಕ್ಸಾನ್ ಪೆಟ್ರೋಲನ್ನು ಊರೊಳಗೆ ಓಡಿಸಿ ನೋಡಿ: 1700ರ ಕೆಳಗೆ ಟರ್ಬೊ ಎದ್ದಿರುವುದಿಲ್ಲ, ಎರಡನೇ ಗೇರಿನಲ್ಲಿ ಉಬ್ಬು ಹತ್ತಿಸುವಾಗ ಮಂಕಾಗುತ್ತದೆ, ಹೊಸಬರ ಕೈಯಲ್ಲಿ ಬಂದ್ ಬೀಳುತ್ತದೆ. ಮೂರು ಸಿಲಿಂಡರಿನ ನಡುಕವೂ ಸಿಗ್ನಲ್‌ನಲ್ಲಿ ನಿಂತಾಗ ಕೈಗೆ ತಿಳಿಯುತ್ತದೆ. ಬ್ರೆಝಾ ಊರೊಳಗೆ ಬೆಣ್ಣೆ. ಕ್ಲಚ್ ಹಗುರ, ಸ್ಟೀರಿಂಗ್ ಹಗುರ, ಎರಡನೇ ಗೇರಿನಲ್ಲಿ ನಡಿಗೆಯ ವೇಗದಲ್ಲೂ ಸಾಗುತ್ತದೆ.

ಇನ್ನು ಆಟೋಮ್ಯಾಟಿಕ್. ಬ್ರೆಝಾದ್ದು ಆರು ಗೇರಿನ ಟಾರ್ಕ್ ಕನ್ವರ್ಟರ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಶಕ್ತಿ ದಾಟಿಸುವುದರಿಂದ ನಿಂತು ಹೊರಡುವಾಗ ಸವೆಯುವ ಕ್ಲಚ್ ಇಲ್ಲ. ಹುಬ್ಬಳ್ಳಿ ಒಳಗೆ ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ದಾರಿ) ಪಕ್ಕದ ಲೇನಿನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಇದರಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ. ನೆಕ್ಸಾನ್‌ನಲ್ಲಿ ಎರಡು ಬಗೆ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸ ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಮುಂದೆ ವಾಲುತ್ತದೆ. ಪೆಟ್ರೋಲ್‌ನಲ್ಲಿರುವ ಏಳು ಗೇರಿನ ಡಿಸಿಎ ಎರಡು ಕ್ಲಚ್ಚಿನದು. ಓಡಿಸಲು ಚೆಂದ, ಆದರೆ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆಯೇ ಗಾಡಿ ತಡೆದು ನಿಲ್ಲಿಸುವ ಚಾಳಿ ಇದ್ದರೆ ಕ್ಲಚ್ ಬಿಸಿಯೇರುತ್ತದೆ, ವಾರಂಟಿ ಮುಗಿದ ಮೇಲೆ ರಿಪೇರಿ ದುಬಾರಿ. ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಗೆ ಟಾರ್ಕ್ ಕನ್ವರ್ಟರೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಧನದ ಲೆಕ್ಕ ಕಾಗದದ ಮೇಲೆ ಹಾಕೋಣ. ಹೋಗಿಬರಲು 120 ಕಿ.ಮೀ., ವಾರಕ್ಕೆ ಮೂರು ಸಲ, ವರ್ಷಕ್ಕೆ 50 ವಾರ: 18,000 ಕಿ.ಮೀ. ಊರು, ಹೆದ್ದಾರಿ ಎರಡೂ ಸೇರಿ ಲೀಟರಿಗೆ ನೆಕ್ಸಾನ್ ಪೆಟ್ರೋಲ್ 14, ಬ್ರೆಝಾ 16, ನೆಕ್ಸಾನ್ ಡೀಸೆಲ್ 19 ಎಂದು ಹಿಡಿಯಿರಿ. ಕಂಪನಿ ಹೇಳುವ ಎವರೇಜ್ ಪ್ರಯೋಗಾಲಯದ್ದು, ಅದನ್ನು ಲೆಕ್ಕಕ್ಕೆ ತರಬೇಡಿ. ಪೆಟ್ರೋಲ್ 103 ರೂ., ಡೀಸೆಲ್ 91 ರೂ. ಎಂದು ಹಿಡಿದರೆ ವರ್ಷಕ್ಕೆ ನೆಕ್ಸಾನ್ ಪೆಟ್ರೋಲಿಗೆ ಸುಮಾರು 1,32,000, ಬ್ರೆಝಾಗೆ 1,16,000, ಡೀಸೆಲಿಗೆ 86,000 ರೂ. ಬಂಕಿನ ದರ ಬದಲಾದರೆ ಅಂಕಿ ಬದಲಿಸಿಕೊಳ್ಳಿ. ನೆಕ್ಸಾನ್‌ನ ಒಂದೇ ವೇರಿಯಂಟ್‌ನ ಪೆಟ್ರೋಲಿಗೂ ಡೀಸೆಲಿಗೂ ನಿಮ್ಮ ಕೊಟೇಷನ್‌ನಲ್ಲಿ 1,20,000 ವ್ಯತ್ಯಾಸ ಬಂದರೆ ಅದು ಎರಡೂವರೆ ವರ್ಷ ದಾಟುತ್ತಲೇ ತೀರುತ್ತದೆ. ವರ್ಷಕ್ಕೆ 8–9 ಸಾವಿರ ಕಿ.ಮೀ. ಮಾತ್ರ ಓಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವರು ಡೀಸೆಲ್ ಕಡೆ ನೋಡಲೇಬಾರದು.

ನೋಡಬಾರದು ಅನ್ನುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಡಿಪಿಎಫ್. ಈಗಿನ ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದರಲ್ಲಿ ಕೂತ ಮಸಿ ಸುಡಬೇಕಾದರೆ ಎಂಜಿನ್ ಚೆನ್ನಾಗಿ ಕಾಯಬೇಕು. ಮನೆಯಿಂದ ಮಾರ್ಕೆಟ್ಟಿಗೆ ಎರಡು ಕಿ.ಮೀ., ಅಲ್ಲಿಂದ ಶಾಲೆಗೆ ಒಂದು ಕಿ.ಮೀ. ಓಡಿಸಿದರೆ ಮಸಿ ಕೂಡುತ್ತಾ ಹೋಗುತ್ತದೆ, ಸುಡುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹತ್ತಿದರೆ ಹೆದ್ದಾರಿಗೆ ಹೋಗಿ 60ಕ್ಕೂ ಮೇಲಿನ ವೇಗದಲ್ಲಿ, 2000 ಆರ್‌ಪಿಎಂ ಇಳಿಯದಂತೆ, 15–20 ನಿಮಿಷ ಬಿಡದೆ ಓಡಿಸಬೇಕು. ಸುಡುವಾಗ ಐಡಲ್ ತುಸು ಏರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಕಾದ ಲೋಹದ ವಾಸನೆ ಬರುತ್ತದೆ. ಕೆಟ್ಟಿತೆಂದು ಹೆದರಿ ನಡುವೆ ಬಂದ್ ಮಾಡಬೇಡಿ. ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ ಗಾಡಿ ತಾನೇ ಶಕ್ತಿ ಇಳಿಸಿಕೊಂಡು ತೆವಳುತ್ತದೆ, ಆಮೇಲೆ ವರ್ಕ್‌ಶಾಪೇ ಗತಿ. ನಿಮಗೆ ವಾರಕ್ಕೆ ಮೂರು ಸಲ ಹುಬ್ಬಳ್ಳಿ ದಾರಿ ಇದೆ, ಹಾಗಾಗಿ ಈ ತೊಂದರೆ ಬರುವುದು ಅಪರೂಪ.

ಹೊಲದ ವಿಷಯ. ಗ್ರೌಂಡ್ ಕ್ಲಿಯರೆನ್ಸ್ ನೆಕ್ಸಾನ್‌ಗೆ 208 ಮಿ.ಮೀ., ಬ್ರೆಝಾಗೆ 198. ಹತ್ತು ಮಿ.ಮೀ. ವ್ಯತ್ಯಾಸಕ್ಕೆ ಬೆಲೆ ಕಟ್ಟಬೇಡಿ, ಐದು ಮಂದಿ ಕೂತರೆ ಎರಡೂ ಕುಗ್ಗುತ್ತವೆ. ಮುಖ್ಯ ಸಂಗತಿ ಎಂದರೆ ಎರಡೂ ಮುಂದಿನ ಗಾಲಿಯಿಂದ ಮಾತ್ರ ಓಡುವ ಗಾಡಿಗಳು. ನೋಡಲು ಎಸ್‌ಯುವಿ, ಆದರೆ ಹಸಿ ಎರಿ ಭೂಮಿಗೆ ಇಳಿಸಿದರೆ ಎರಡೂ ಒಂದೇ. ಎರಿ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿ ಟೈರು ನುಣ್ಣಗಾಗುತ್ತದೆ, ಆಮೇಲೆ ಗಾಲಿಗೂ ಒಳಗಿನ ಪ್ಲಾಸ್ಟಿಕ್ ಲೈನರಿಗೂ ನಡುವೆ ಗಟ್ಟಿಯಾಗಿ ಕೂತು ಲೈನರ್ ಕಿತ್ತು ಬರುತ್ತದೆ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಒತ್ತಿ ಗಾಲಿ ತಿರುಗಿಸುತ್ತಾ ಕೂಡಬೇಡಿ. ಮುಂದಿನ ಎರಡೂ ಗಾಲಿಯಡಿ ಮಣ್ಣು ಕೆರೆದು ಕಣಕಿಯನ್ನೋ ಗೋಣಿಚೀಲವನ್ನೋ ಹಾಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಹೊರಡಿ. ಮನೆಗೆ ಬಂದ ದಿನವೇ, ಮಣ್ಣು ಒಣಗುವ ಮೊದಲು, ಗಾಲಿಯ ಒಳಬದಿಗೆ ನೀರು ಬಿಟ್ಟು ತೊಳೆಯಿರಿ. ಒಣಗಿದರೆ ಅದು ಕಲ್ಲು. ಒಂದೇ ಕಡೆ ಅಂಟಿ ಉಳಿದರೆ ಗಾಲಿಯ ತೂಕ ತಪ್ಪಿ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಮಂದಿ ವೀಲ್ ಬ್ಯಾಲೆನ್ಸಿಂಗ್ ಕೆಟ್ಟಿದೆ ಅಂತ ದುಡ್ಡು ಕೊಟ್ಟು ಬರುತ್ತಾರೆ.

ಸುಗ್ಗಿಯಲ್ಲಿ ಇನ್ನೊಂದು. ಹಳ್ಳಿ ರಸ್ತೆಯ ಮೇಲೆ ಒಕ್ಕಲಿಗೆ ಹಾಸಿದ ಹುರುಳಿ, ತೊಗರಿ ಗಾಡಿಯ ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಡಿಪಿಎಫ್ ಸುಡುವ ಹೊತ್ತಿನಲ್ಲಂತೂ ಕೊಳವೆಯ ಬಿಸಿ ಇನ್ನೂ ಹೆಚ್ಚು. ಅದರ ಮೇಲೆ ಹಾಯಿಸದೆ ದಾರಿ ಇಲ್ಲ ಅಂದರೆ ದಾಟಿದ ಕೂಡಲೇ ನಿಲ್ಲಿಸಿ, ಇಳಿದು, ಬಗ್ಗಿ ಅಡಿ ನೋಡಿ. ಒಣ ಕಣಕಿ ಬಣವೆಯ ಹತ್ತಿರ ಗಾಡಿ ನಿಲ್ಲಿಸಬೇಡಿ. ಇದು ಯಾವ ಕಂಪನಿಯ ಗಾಡಿಗಾದರೂ ಸರಿ.

ಸುರಕ್ಷತೆಯಲ್ಲಿ ನೆಕ್ಸಾನ್ ಮುಂದೆ. ಗಾಡಿಯನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್, ಭಾರತ್ ಎನ್‌ಕ್ಯಾಪ್ ಎರಡೂ ಪರೀಕ್ಷೆಗಳಲ್ಲಿ 2024ರಲ್ಲಿ ಅದಕ್ಕೆ 5 ನಕ್ಷತ್ರ ಬಂದಿದೆ. ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 32ಕ್ಕೆ 29.41, ಮಕ್ಕಳಿಗೆ 49ಕ್ಕೆ 43.83. ಬ್ರೆಝಾಗೆ 4 ನಕ್ಷತ್ರ ಎಂದು ಯಾರಾದರೂ ತೋರಿಸಿದರೆ ವರ್ಷ ಕೇಳಿ. ಅದು 2018ರಲ್ಲಿ ಹಳೆಯ ಡೀಸೆಲ್ ಕಾಲದ ವಿಟಾರಾ ಬ್ರೆಝಾಗೆ ಸಿಕ್ಕಿದ್ದು, 2022ರಲ್ಲಿ ಬಂದ ಈಗಿನ ರೂಪಕ್ಕೆ ಅನ್ವಯಿಸುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಗಬ್ಬೂರು–ನರೇಂದ್ರ ಬೈಪಾಸಿನಲ್ಲಿ ಎಷ್ಟು ಜೀವ ಹೋಗಿವೆ ಎಂದು ನಿಮಗೆ ಹೇಳಬೇಕಿಲ್ಲ. ಆದರೆ ಹಿಂದಿನ ಸೀಟಿನ ಹಿರಿಯರು ಬೆಲ್ಟ್ ಹಾಕದಿದ್ದರೆ 5 ನಕ್ಷತ್ರ ಅವರನ್ನು ಕಾಯುವುದಿಲ್ಲ. ಆ ಪರೀಕ್ಷೆಗಳಲ್ಲಿ ಬೊಂಬೆಗಳೆಲ್ಲ ಬೆಲ್ಟ್ ಹಾಕಿಕೊಂಡೇ ಕೂತಿರುತ್ತವೆ.

ಹತ್ತಿ ಇಳಿಯುವುದರಲ್ಲಿ ಬ್ರೆಝಾ ಮೇಲು. ಅದರ ಎತ್ತರ 1685 ಮಿ.ಮೀ., ನೆಕ್ಸಾನ್‌ನದು 1620. ಮೊಣಕಾಲು ನೋವಿನ ತಾಯಿಯವರನ್ನು ಶೋರೂಮಿಗೆ ಕರೆದುಕೊಂಡೇ ಹೋಗಿ. ಸೀರೆಯುಟ್ಟೇ ಹಿಂದಿನ ಬಾಗಿಲಿನಿಂದ ಮೂರು ಸಲ ಹತ್ತಿ ಇಳಿಯಲಿ. ತಲೆ ಬಗ್ಗಿಸಬೇಕಾಯಿತೇ, ಕೈ ಆಸರೆಗೆ ಬಾಗಿಲು ಹಿಡಿದರೇ, ಕಾಲು ಹೊಸ್ತಿಲಿಗೆ ತಡವರಿಸಿತೇ ಎಂದು ನೀವು ಪಕ್ಕದಲ್ಲಿ ನಿಂತು ನೋಡಿ. ಅದಾದ ಮೇಲೆ ಹಿಂದೆ ಮೂವರನ್ನು ಕೂರಿಸಿ ಅರ್ಧ ತಾಸು ಓಡಿಸಿ. ಡಿಕ್ಕಿ ನೆಕ್ಸಾನ್‌ಗೆ 382 ಲೀಟರ್, ಬ್ರೆಝಾಗೆ 328.

ಸಿಎನ್‌ಜಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾರಿಯ ಬಂಕಿನಲ್ಲಿ ಸಂಜೆ ಹೊತ್ತು ಸರದಿ ಎಷ್ಟಿದೆ ನೋಡಿ ತೀರ್ಮಾನಿಸಿ, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ ಎನ್ನುವುದು ನೆನಪಿರಲಿ.

ದುಡ್ಡಿನಲ್ಲಿ ಎರಡು ಗೆರೆಗಳಿವೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೂ 1500 ಸಿಸಿ ಒಳಗಿನ ಡೀಸೆಲ್ ಕಾರಿಗೂ ಜಿಎಸ್‌ಟಿ 18%. ನೆಕ್ಸಾನ್‌ನ ಎರಡೂ ಎಂಜಿನ್ ಇದರೊಳಗೆ ಬರುತ್ತವೆ. ಬ್ರೆಝಾದ ಎಂಜಿನ್ 1462 ಸಿಸಿ ಪೆಟ್ರೋಲ್, ಆದ್ದರಿಂದ 40%. ತೆರಿಗೆಗೆ ಮುಂಚೆ 7 ಲಕ್ಷದ ಗಾಡಿ ಎಂದುಕೊಂಡರೆ ಒಂದಕ್ಕೆ 8.26 ಲಕ್ಷ, ಇನ್ನೊಂದಕ್ಕೆ 9.80 ಲಕ್ಷ. ಬ್ರೆಝಾಗೆ ಕೊಡುವ ದುಡ್ಡಿನಲ್ಲಿ ತೆರಿಗೆಯ ಪಾಲು ದೊಡ್ಡದು.

ಎರಡನೆಯದು ನಮ್ಮ ರಾಜ್ಯದ ರಸ್ತೆ ತೆರಿಗೆ. 5ರಿಂದ 10 ಲಕ್ಷದವರೆಗೆ 14%, 10 ದಾಟಿದರೆ 17%, ಸೆಸ್ ಬೇರೆ. ಎಕ್ಸ್-ಶೋರೂಮ್ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) 9.95 ಲಕ್ಷಕ್ಕೆ 1,39,300 ಆದರೆ 10.05 ಲಕ್ಷಕ್ಕೆ 1,70,850. ಹತ್ತು ಸಾವಿರದ ಸನ್‌ರೂಫಿನ ಆಸೆಗೆ ಮೂವತ್ತು ಸಾವಿರ ತೆರಿಗೆ ಕಟ್ಟಿದಂತಾಗುತ್ತದೆ. 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಹುಬ್ಬಳ್ಳಿಯಲ್ಲಿ ಕೊಂಡರೂ ನಿಮ್ಮ ವಿಳಾಸ ಗದಗದ್ದಾದರೆ ನಂಬರು ಕೆಎ-26 ಬರುತ್ತದೆ.

ಸರ್ವಿಸ್‌ನಲ್ಲಿ ಮಾರುತಿಯ ಜಾಲ ದೊಡ್ಡದು, ಬಿಡಿಭಾಗ ಬೇಗ ಸಿಗುತ್ತದೆ, ಮಾರುವಾಗಲೂ ಬೆಲೆ ನಿಲ್ಲುತ್ತದೆ. ನೆಕ್ಸಾನ್ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಎಂಜಿನ್ನಿನದಲ್ಲ, ಸ್ಕ್ರೀನ್ ಹ್ಯಾಂಗ್ ಆಗುವುದು, ಸೆನ್ಸರ್ ಸುಳ್ಳು ಎಚ್ಚರಿಕೆ ಕೊಡುವುದು, ಇಂಥ ಕಿರಿಕಿರಿ. ಬುಕ್ ಮಾಡುವ ಮೊದಲು ನಿಮಗೆ ಹತ್ತಿರದ ವರ್ಕ್‌ಶಾಪಿಗೆ ಒಂದು ಬೆಳಿಗ್ಗೆ ಹೋಗಿ, ಗಾಡಿ ಬಿಡಲು ಬಂದವರನ್ನೇ ಎಷ್ಟು ದಿನಕ್ಕೆ ಕೊಡುತ್ತಾರೆ ಎಂದು ಕೇಳಿ.

ಟೆಸ್ಟ್ ಡ್ರೈವ್ ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿ ಮಾಡಿ. ನೃಪತುಂಗ ಬೆಟ್ಟದ ಏರಿನಲ್ಲಿ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ತಗ್ಗುದಿನ್ನಿ ಇರುವ ಒಂದು ಬಡಾವಣೆ ರಸ್ತೆಯಲ್ಲಿ 30ರ ವೇಗದಲ್ಲಿ ಹೋಗಿ, ಹಿಂದೆ ಕೂತವರನ್ನು ಸೊಂಟ ಹೇಗಿದೆ ಎಂದು ಕೇಳಿ. ಮಾರುವವರು ಒಳ್ಳೆಯ ರಸ್ತೆಗೇ ಕರೆದೊಯ್ಯುತ್ತಾರೆ, ನೀವು ಒಪ್ಪಬೇಡಿ.

ಗಾಡಿ ಬಂದ ಮೇಲೆ ರಿಜಿಸ್ಟ್ರೇಷನ್ನಿಗೆ ಮುಂಚೆಯೇ ಹಗಲು ಬೆಳಕಿನಲ್ಲಿ ಯಾರ್ಡಿಗೆ ಹೋಗಿ ನೋಡಿ. ತಯಾರಿಕೆಯ ತಿಂಗಳು ಗಾಡಿಗೆ ಹಚ್ಚಿದ ಪ್ಲೇಟಿನಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2325 ಎಂದಿದ್ದರೆ 2025ರ 23ನೇ ವಾರ. ಐದೂ ಟೈರು ನೋಡಿ, ಸ್ಟೆಪ್ನಿ ಬಿಡಬೇಡಿ. ನಾಲ್ಕು ಒಂದು ತಿಂಗಳಿನವು, ಒಂದು ಬೇರೆ ವರ್ಷದ್ದು ಆಗಿದ್ದರೆ ಯಾಕೆ ಬದಲಾಯಿತು ಎಂದು ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆಯೇ ಉಳಿದ ದುಡ್ಡು ಕಟ್ಟಿ.