ಪಾಸ್‌ಫ್ರೇಸ್ ಸರಿಯಿದ್ದರೂ ಬೂಟ್ ಸಮಯದಲ್ಲಿ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ವಿಧಾನ) ಡಿಸ್ಕ್ ತೆರೆಯದಿದ್ದರೆ?
ಲೈವ್ ಯುಎಸ್‌ಬಿಯಲ್ಲಿ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ತೆರೆಯುವ ಪಾರ್ಟಿಷನ್ ಬೂಟ್ ಆಗುವಾಗ ಮಾತ್ರ 'ನೋ ಕೀ ಅವೈಲಬಲ್' (ಈ ಪಾಸ್‌ಫ್ರೇಸ್‌ಗೆ ಕೀ ಇಲ್ಲ) ಎನ್ನುತ್ತಿದ್ದರೆ, ಡಿಸ್ಕ್ ಕೆಟ್ಟಿಲ್ಲ. ಬಹುಪಾಲು ಇದು ಕೀಬೋರ್ಡ್ ಲೇಔಟ್ ತಕರಾರು. ಬೂಟ್‌ನ ಆರಂಭದಲ್ಲಿ ಓಡುವುದು ಇನಿಟ್‌ರಾಮ್‌ಎಫ್‌ಎಸ್, ಅಂದರೆ ಡಿಸ್ಕ್ ತೆರೆಯುವ ಮುನ್ನ ಮೆಮೊರಿಗೆ ಬರುವ ಪುಟ್ಟ ವ್ಯವಸ್ಥೆ. ಅದರೊಳಗೆ ಹಳೆಯ ಲೇಔಟ್ ಉಳಿದಿರಬಹುದು. ಡೆಸ್ಕ್‌ಟಾಪ್‌ನಲ್ಲಿ ಬ್ರಿಟಿಷ್ ಲೇಔಟ್ ಇಟ್ಟು ಪಾಸ್‌ಫ್ರೇಸ್ ಕೊಟ್ಟಿದ್ದೀರಿ ಅನ್ನಿ: ಅಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಜೋಡಿ ಉದ್ಧರಣ ಚಿಹ್ನೆ, ಅಮೆರಿಕನ್ ಲೇಔಟ್‌ನಲ್ಲಿ ಅದೇ ಕೀಲಿಗೆ ಅಟ್ ಚಿಹ್ನೆ. ಪರದೆಯಲ್ಲಿ ಅಕ್ಷರ ಕಾಣದ ಕಾರಣ ವ್ಯತ್ಯಾಸ ತಿಳಿಯುವುದೇ ಇಲ್ಲ. ನಂಬರ್ ಪ್ಯಾಡ್ ಬಳಸುವವರು ನಮ್ ಲಾಕ್ ಕೂಡ ನೋಡಿ.

ಮೊದಲು ಲಕ್ಸ್ ಹೆಡರ್‌ನ (ಡಿಸ್ಕ್ ತೆರೆಯುವ ಕೀಗಳ ಮಾಹಿತಿ ಇರುವ ಭಾಗ) ಬ್ಯಾಕಪ್ ಬೇರೆ ಡ್ರೈವ್‌ಗೆ ತೆಗೆದಿಡಿ. ಹೆಡರ್ ಹೋದರೆ ಸರಿಯಾದ ಪಾಸ್‌ಫ್ರೇಸ್ ಇದ್ದೂ ಡೇಟಾ ಸಿಗದು, ಹಾಗಾಗಿ ಇದನ್ನು ಬಿಡಲೇಬೇಡಿ. ಆಮೇಲೆ ಲಕ್ಸ್ ನಿರ್ವಹಿಸುವ ಸಾಧನ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಆಡ್‌ಕೀ ಆದೇಶ ಬಳಸಿ, ಎರಡೂ ಲೇಔಟ್‌ಗಳಲ್ಲಿ ಒಂದೇ ಆಗಿರುವ ಸಣ್ಣ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಪಾಸ್‌ಫ್ರೇಸ್ ಸೇರಿಸಿ. ಪಾಸ್‌ಫ್ರೇಸ್‌ಗಳಿಗೆ ಲಕ್ಸ್‌ನ ಮೊದಲ ಆವೃತ್ತಿ ಲಕ್ಸ್1ರಲ್ಲಿ 8 ಸ್ಲಾಟ್ (ಜಾಗ), ಎರಡನೆಯದಾದ ಲಕ್ಸ್2ರಲ್ಲಿ 32ರವರೆಗೆ ಇರುವುದರಿಂದ ಹಳೆಯದನ್ನು ಅಳಿಸಬೇಕಿಲ್ಲ.

ಡೆಬಿಯನ್, ಉಬುಂಟುವಿನಲ್ಲಿ ಲೇಔಟ್ ಸರಿಪಡಿಸಿದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶ ಓಡಿಸಿ. ಇಲ್ಲದಿದ್ದರೆ ಬೂಟ್‌ಗೆ ಬದಲಾವಣೆ ತಲುಪುವುದಿಲ್ಲ.