ಬೆಳ್ಳಿಯ ಅವರೆಕಾಳಿಗೆ ಅಷ್ಟೊಂದು ದುಡ್ಡಾ?

ಪ್ರಶ್ನೆ: ಅಕ್ಕಾ, ಅಮೆರಿಕದಲ್ಲಿರುವ ಮಗಳು ನನಗೆ ಟಿಫಾನಿ ಕಂಪನಿಯ ಸರ ತಂದುಕೊಟ್ಟಿದ್ದಾಳೆ. ಎಳೆಯಂಥ ಬೆಳ್ಳಿ ಚೈನು, ಅದಕ್ಕೊಂದು ಅವರೆಕಾಳಿನಂಥ ಪದಕ. ಹರಳಿಲ್ಲ, ಕುಸುರಿ ಇಲ್ಲ. ಬೆಲೆ ಕೇಳಿ ಎದೆ ಧಸಕ್ಕೆಂದಿತು. ಸುಮಾರು ಐವತ್ತು ವರ್ಷದಿಂದ ಇದೇ ಡಿಸೈನು ಓಡುತ್ತಿದೆಯಂತೆ. ಅಂಥದ್ದೇನಿದೆ ಇದರಲ್ಲಿ? ಕಪ್ಪಾದರೆ ಹೇಗೆ ತೊಳೆಯಲಿ?
– ಒಬ್ಬ ಅಮ್ಮ, ದಾವಣಗೆರೆ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಇದು ಸ್ಟರ್ಲಿಂಗ್ ಬೆಳ್ಳಿ, ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ. ನಿಮ್ಮೂರಿನ ಅಂಗಡಿಯವರು ತೂಕ ಹಾಕಿ ಬರೀ ಬೆಳ್ಳಿಯ ಬೆಲೆ ಹೇಳುತ್ತಾರೆ. ಕಷ್ಟಕ್ಕೆ ಅಡವಿಡುವ ಒಡವೆ ಇದಲ್ಲ. ಮಿಕ್ಕ ದುಡ್ಡು ಕಂಪನಿಯ ಹೆಸರಿಗೆ ಮತ್ತು ಆ ಆಕಾರಕ್ಕೆ. ಹೆಸರಿಗೆ ಕೊಟ್ಟದ್ದು ಜಾಸ್ತಿಯೇ ಆಯಿತು ಅಂತ ನನಗೂ ಅನಿಸುತ್ತದೆ. ಆಕಾರದ ಬಗ್ಗೆ ಮಾತ್ರ ತಕರಾರಿಲ್ಲ.

ಅದನ್ನು ಮಾಡಿದವರು ಎಲ್ಸಾ ಪೆರೆಟ್ಟಿ. 1940ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿ, ಮಾಡೆಲಿಂಗ್ ಮಾಡಿಕೊಂಡು ನ್ಯೂಯಾರ್ಕ್ ಸೇರಿ, 1974ರಿಂದ ಟಿಫಾನಿಗೆ ಒಡವೆ ಮಾಡಿಕೊಟ್ಟವರು. ಬೆಳ್ಳಿಯಾದ್ದರಿಂದ ಕೆಲಸಕ್ಕೆ ಹೋಗುವ ಹೆಂಗಸರು ಯಾರೋ ಕೊಡಿಸಲಿ ಅಂತ ಕಾಯದೆ ತಾವೇ ಕೊಂಡುಕೊಂಡರು. ರೋಮ್‌ನಲ್ಲಿ ಸನ್ಯಾಸಿಗಳ ಮೂಳೆಗಳಿಂದಲೇ ಗೋಡೆ ಸಿಂಗರಿಸಿದ ನೆಲಮಾಳಿಗೆಯೊಂದಿದೆ. ಚಿಕ್ಕವರಿದ್ದಾಗ ಎಲ್ಸಾ ಅಲ್ಲಿಂದ ಮೂಳೆ ಕದ್ದು ತರುತ್ತಿದ್ದರು, ಅಮ್ಮ ವಾಪಸ್ ಇಟ್ಟು ಬಾ ಅಂತ ಓಡಿಸುತ್ತಿದ್ದರು. ಆ ಹುಚ್ಚೇ ಮುಂದೆ 'ಬೋನ್ ಕಫ್' ಎಂಬ ಕಡಗವಾಯಿತು. ಮಣಿಕಟ್ಟಿನ ಪಕ್ಕ ಉಬ್ಬಿದ ಮೂಳೆ ಇದೆಯಲ್ಲ, ಅದರ ಮೇಲೆ ಸರಿಯಾಗಿ ಕೂರುವಂತೆ ಕಡಗವೂ ಉಬ್ಬಿರುತ್ತದೆ. ಚಪ್ಪಲಿಯ ಹಾಗೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ.

ಕಾಳು, ಕಾಯಿಯ ಒಡವೆ ನಮಗೇನೂ ಹೊಸದಲ್ಲ. ಅವಲಕ್ಕಿ ಸರ, ಮಾವಿನಕಾಯಿ ಸರ ನೋಡಿಯೇ ಬೆಳೆದವರು ನಾವು. ಆದರೆ ನಮ್ಮದರಲ್ಲಿ ಸಾಲುಸಾಲು ಪೋಣಿಸಿದರೇ ಅಂದ. ಎಲ್ಸಾ ಒಂದೇ ಕಾಳಿಗೆ ನಿಲ್ಲಿಸಿದರು.

ನಾನು ಅಕ್ಕಸಾಲಿಗರ ಮನೆಯವಳು. ಹೂವು, ಬಳ್ಳಿ ಇದ್ದರೆ ಬೆಸುಗೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಎಲೆಯ ಕೆಳಗೆ ಮುಚ್ಚಿಬಿಡಬಹುದು, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ನುಣ್ಣಗಿನ ಮೈಯಲ್ಲಿ ಅರದ ಒಂದು ಗೆರೆ ಉಳಿದರೂ ಸಿಕ್ಕಿಬೀಳುತ್ತದೆ. ನಿಮ್ಮ ಪದಕವನ್ನು ಕಿಟಕಿಯ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿ. ಕಿಟಕಿಯ ಸರಳುಗಳ ಪ್ರತಿಬಿಂಬ ಅದರ ಮೇಲೆ ಎಲ್ಲೂ ತುಂಡಾಗದೆ ಜಾರಬೇಕು. ಆ ಕೆಲಸಕ್ಕೆ ಮಜೂರಿ ಕೊಡಬೇಕಾದ್ದೇ. ಇನ್ನು ಅದು ಹಳೆಯದಾಗಿಲ್ಲವೇಕೆ ಅಂದರೆ, ಇದು ಈ ವರ್ಷದ ಫ್ಯಾಶನ್ ಅಂತ ಹೇಳುವ ಗುರುತೇ ಕಾಳಿನಲ್ಲಿ ಇಲ್ಲ, ಅಲ್ವಾ? ಇಳಕಲ್ ಸೀರೆಗೂ ಸರಿ, ಮಗಳ ಜೀನ್ಸಿಗೂ ಸರಿ.

ತೊಳೆಯುವುದಕ್ಕೆ ದೇವರ ಸಾಮಾನಿಗೆ ಹಚ್ಚುವ ಪುಡಿ, ಟೂತ್‌ಪೇಸ್ಟ್ ಬೇಡವೇ ಬೇಡ, ಗೀರು ಬೀಳುತ್ತದೆ. ಮೆತ್ತಗಿನ ಹಳೇ ಹತ್ತಿ ಬಟ್ಟೆಯಲ್ಲಿ ಸುಮ್ನೆ ಉಜ್ಜಿ. ಬೀರುವಿಗಿಂತ ಕತ್ತಿನಲ್ಲಿದ್ದರೇ ಕಪ್ಪಾಗುವುದು ಕಡಿಮೆ.