ಸಕ್ಕರೆ ಬಿಟ್ಟವರಿಗೆ ಮಾಂಸ

ಪ್ರಶ್ನೆ: ಡಾಕ್ಟ್ರೇ, ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನಲ್ಲಿ ಎಲ್ಲದಕ್ಕೂ ರೇಷನ್ ಇತ್ತಂತೆ. ನನ್ನಂಥ ಸಕ್ಕರೆ ಕಾಯಿಲೆಯವರು ಏನು ತಿನ್ನುತ್ತಿದ್ದರು?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲಿ 1940ರ ಜನವರಿಯಲ್ಲಿ ಸಕ್ಕರೆ, ಬೆಣ್ಣೆ, ಬೇಕನ್‌ಗೆ (ಉಪ್ಪು ಹಾಕಿ ಕೆಡದಂತೆ ಇಟ್ಟ ಹಂದಿಮಾಂಸ) ರೇಷನ್ ಬಂತು. ಮಾರ್ಚ್‌ನಲ್ಲಿ ಮಾಂಸಕ್ಕೂ. ಸಕ್ಕರೆ ಕಾಯಿಲೆಯವರು ತಮ್ಮ ಪಾಲಿನ ಸಕ್ಕರೆ ಬಿಟ್ಟುಕೊಟ್ಟರೆ ಬದಲಿಗೆ ಮಾಂಸ, ಬೆಣ್ಣೆಯಂಥದ್ದು ಜಾಸ್ತಿ ಸಿಗುತ್ತಿತ್ತು. ಸಸ್ಯಾಹಾರಿಗಳಿಗೆ ಮಾಂಸದ ಬದಲು ಹೆಚ್ಚು ಚೀಸ್. ಯಾವ ಕಾಯಿಲೆಗೆ ಏನು ಕೊಡಬೇಕು ಅಂತ ಸರ್ಕಾರಕ್ಕೆ ಹೇಳಲು ವೈದ್ಯರ ಸಮಿತಿಯೇ ಇತ್ತು. ಸುಮ್ನೆ ಕೇಳಿದರೆ ಸಿಗುತ್ತಿರಲಿಲ್ಲ, ಡಾಕ್ಟರ ಚೀಟಿ ಬೇಕು.

ನನ್ನ ಹತ್ತಿರ ಬರುವವರು 'ಟೀಗೆ ಅರ್ಧ ಚಮಚ ಅಷ್ಟೇ' ಅಂತಾರೆ. ಎಷ್ಟು ಟೀ ಅಂದರೆ ಆರು! ಹಾಗಂತ ಇದನ್ನು ಓದಿ ದೋಸೆಗೆ ಬೆಣ್ಣೆ ಹೆಚ್ಚಿಸಬೇಡಿ. ಅದು ಆ ಕಾಲದ ಲೆಕ್ಕ.